ಗಣಪತಿಗೊಂದು ಇಂಗ್ಲಿಷ್ ಮನೆ

ಉಮಾಕಾಂತ ಕೆಟ್ಟ ಗಂಡನೇನಲ್ಲ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಸಾರಿಗೆ ಉಪ್ಪು ಕಮ್ಮಿಯಾದರೂ ತುಟಿ ಬಿಚ್ಚದೆ ಉಣ್ಣುತ್ತಾನೆ. ಅವನಿಗಿರುವುದು ಒಂದೇ ಒಂದು ಕಾಯಿಲೆ. ಆಗಾಗ ಅವನಿಗೆ ಐಡಿಯಾ ಬರುತ್ತದೆ. ಜ್ವರ ಬಂದರೆ ಗುಳಿಗೆ ನುಂಗಿಸಬಹುದು, ಕೆಮ್ಮು ಬಂದರೆ ಕಷಾಯ ಕುಡಿಸಬಹುದು. ಐಡಿಯಾ ಬಂದ ಗಂಡನನ್ನು ಯಾವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂಬುದು ಮದುವೆಯಾಗಿ ಎರಡು ವರ್ಷವಾದರೂ ಕಲಾವತಿಗೆ ತಿಳಿದಿರಲಿಲ್ಲ.

ಗದಗಿನ ಕಡೆಯವನಾದ ಉಮಾಕಾಂತನಿಗೆ ನಾಗಪುರದ ಆಯುಧ ಕಾರ್ಖಾನೆಯಲ್ಲಿ ನಕಾಶೆ ಬರೆಯುವ ಕೆಲಸ. ನಕಾಶೆ ಎಂದರೆ ಅರಮನೆಯದಲ್ಲ, ಸೇತುವೆಯದೂ ಅಲ್ಲ. ಬೋಲ್ಟಿನದು. ಬೋಲ್ಟನ್ನು ಮುಂದಿನಿಂದ ನೋಡಿದರೆ ಹೇಗೆ, ಮೇಲಿನಿಂದ ನೋಡಿದರೆ ಹೇಗೆ, ಪಕ್ಕದಿಂದ ನೋಡಿದರೆ ಹೇಗೆ ಎಂದು ಬರೆದೂ ಬರೆದೂ ಅವನ ಪ್ರತಿಭೆಗೆ ತುಕ್ಕು ಹಿಡಿದಿತ್ತು (ಬೋಲ್ಟಿಗೆ ಹಿಡಿಯುತ್ತಿರಲಿಲ್ಲ, ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು). ಜೀವನದಲ್ಲಿ ಒಮ್ಮೆಯಾದರೂ ಜನ ನಿಂತು ನೋಡುವಂಥದ್ದನ್ನು ತಾನೇ ಬರೆದು ತಾನೇ ಕಟ್ಟಬೇಕೆಂಬ ಆಸೆ ಅವನಿಗೆ. ಆದರೆ ಬಜಾಜ್ ನಗರದಲ್ಲಿ ಗಾವಂಡೆಯವರ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದವನು ಏನು ಕಟ್ಟಿಯಾನು? ಕ್ಯಾಲೆಂಡರಿಗೊಂದು ಮೊಳೆ ಹೊಡೆಯಬೇಕಾದರೂ ಮಹಡಿಯ ಮೇಲಿನ ಮಾಲೀಕರ ಅಪ್ಪಣೆ ಬೇಕಿತ್ತು.

ಎಂಬತ್ಮೂರನೆಯ ಇಸವಿಯ ಮಳೆಗಾಲದಲ್ಲಿ ಅವಕಾಶ ತಾನಾಗಿಯೇ ಬಾಗಿಲಿಗೆ ಬಂತು. ಗದಗಿನಲ್ಲಿ ಅಣ್ಣ ರುದ್ರಪ್ಪನ ಮನೆಯ ಮಾಳಿಗೆ ಮಳೆಗೆ ಅರ್ಧ ಕುಸಿದಿತ್ತು. ಸೂರಿಲ್ಲದ ಮನೆಯಲ್ಲಿ ಗಣಪತಿಯನ್ನು ಕೂರಿಸುವುದು ಹೇಗೆ? ಈ ಸಲ ಮನೆತನದ ಗಣಪತಿ ತಮ್ಮನ ಮನೆಯಲ್ಲಿ ಕೂರಲಿ ಎಂದು ತೀರ್ಮಾನವಾಯಿತು. ಚೌತಿಗೆ ಹದಿನೈದು ದಿನ ಮೊದಲೇ ತಾಯಿ ಕಾಶಿಬಾಯಿ ನಾಗಪುರದಲ್ಲಿ ರೈಲಿನಿಂದ ಇಳಿದಳು. ಚಾ ಕುಡಿಯುವುದಕ್ಕೂ ಮೊದಲು ಸೊಸೆಯನ್ನು ಎದುರು ಕೂರಿಸಿಕೊಂಡಳು.

“ನೋಡವಾ ಕಲಾವತಿ, ನಿನ್ನ ನೆಗೆಣ್ಣಿಗೆ ಮೊಣಕಾಲ ನೋವು. ಆಕಿ ಕೈಲೆ ಇನ್ನ ಹಬ್ಬ ಆಗಂಗಿಲ್ಲ. ಈ ಸಲ ನಿಮ್ಮನ್ಯಾಗ ನೆಟ್ಟಗಾತು ಅಂದ್ರ ಗಣಪ್ಪ ವರ್ಷಾ ಇಲ್ಲೇ ಬರ್ತಾನ. ಆದ್ರ ಒಂದ ಮಾತು ನೆನಪಿಡು. ಅವನ್ನ ಕರಕೊಂಡು ಬರೋದು ದೊಡ್ಡದಲ್ಲ, ಕಳಿಸೋದು ದೊಡ್ಡದು. ಐದನೇ ದಿನ ದೀಪಾ ಹಚ್ಚೋ ಹೊತ್ತಿನೊಳಗ, ಮೈ ಎಲ್ಲೂ ಮುಕ್ಕಾಗದಂಗ ನೀರಿಗೆ ಹೋಗಬೇಕು. ಅಷ್ಟಾತು ಅಂದ್ರ ನಾ ಸಮಾಧಾನ.”

ಕಲಾವತಿಯ ಎದೆ ತುಂಬಿ ಬಂತು. ಹುಬ್ಬಳ್ಳಿಯಲ್ಲಿ ಬೆಳೆದ ಅವಳು ಅತ್ತೆಯ ಬಾಯಲ್ಲಿ ಈವರೆಗೆ ಬರೀ ‘ಪ್ಯಾಟಿ ಹುಡುಗಿ’. ಅವಳು ಕಟ್ಟಿದ ಕಡಬು ಬಾಣಲೆಯಲ್ಲಿ ಬಾಯಿ ಬಿಡುತ್ತದೆ ಎಂಬ ಸುದ್ದಿ ಗದಗಿನ ಓಣಿಯಲ್ಲೆಲ್ಲ ಓಡಾಡಿತ್ತು. ಈ ಐದು ದಿನ ಗೆದ್ದರೆ ಆ ಹೆಸರು ಅಳಿಸಿಹೋಗುತ್ತದೆ. ಅವಳು ಮಡಿ, ಹೂವು, ದೂರ್ವೆ, ಕಾಯಿ, ಬೆಲ್ಲ ಎಲ್ಲವನ್ನೂ ಯೋಚಿಸಿದಳು. ಗಂಡನೊಬ್ಬನನ್ನು ಮರೆತಳು.

ಗಂಡನಾದರೋ ಅದೇ ದಿನ, ಭಾನುವಾರ, ಎದುರುಮನೆಯ ಬೋಪಣ್ಣನ ಮನೆಗೆ ಕಾಫಿಗೆಂದು ಹೋಗಿದ್ದ. ಬೋಪಣ್ಣ ಕೊಡಗಿನವನು, ವಾಯುಸೇನೆಯಲ್ಲಿ ವಾರಂಟ್ ಆಫೀಸರ್. ಮೆಸ್ಸಿನಲ್ಲಿ ಹಳೆಯ ಪುಸ್ತಕ ಹರಾಜು ಹಾಕಿದಾಗ ದಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಒಂದು ಪುಸ್ತಕ ಕೊಂಡು, ಅದನ್ನು ರೇಡಿಯೋ ಮೇಜಿನ ಕುಂಟುಕಾಲಿಗೆ ಆಧಾರವಾಗಿ ಕೊಟ್ಟಿದ್ದ. ಕಾಫಿ ಬರುವವರೆಗೆ ಸುಮ್ಮನೆ ಕೂರಲಾರದೆ ಉಮಾಕಾಂತ ಅದನ್ನು ಎಳೆದು ನೋಡಿದ. ರೇಡಿಯೋ ವಾಲಿತು. ಉಮಾಕಾಂತನೂ ವಾಲಿದ. ಇಂಗ್ಲೆಂಡಿನ ಹಳೆಯ ಮನೆಗಳ ಚಿತ್ರಗಳು ಅದರಲ್ಲಿ ಪುಟಪುಟಕ್ಕೂ ಇದ್ದವು. ಒಂದು ಹಳ್ಳಿಮನೆಯ ಚಿತ್ರದ ಮೇಲಂತೂ ಅವನ ಕಣ್ಣು ಕೀಲಿಸಿಹೋಯಿತು. ಬಿಳಿಯ ಗೋಡೆಗಳ ನಡುವೆ ಕರೀ ಮರದ ಕಂಬ, ಅಡ್ಡತೊಲೆ, ಓರೆತೊಲೆ. ಕಡಿದಾದ ಮಾಡು, ಅದರ ನೆತ್ತಿಯಲ್ಲಿ ದೊಡ್ಡ ಚಿಮಣಿ. ಕೆಳಗಿನ ಮನೆಗಿಂತ ಒಂದು ಹೆಜ್ಜೆ ಮುಂದೆ ಚಾಚಿಕೊಂಡ ಮಹಡಿ.

ಪುಸ್ತಕ ಬಗಲಲ್ಲಿಟ್ಟುಕೊಂಡು ಅವನು ಮನೆಗೆ ಓಡಿಬಂದ (ಕಾಫಿ ಕುಡಿಯಲೇ ಇಲ್ಲ ಎಂದು ಬೋಪಣ್ಣ ಇವತ್ತಿಗೂ ಹೇಳುತ್ತಾನೆ).

“ಕಲಾ, ಇಲ್ಲಿ ನೋಡ. ಇಂಗ್ಲಂಡಿನ ಒಬ್ಬ ರೈತನ ಮನಿ. ನಾನೂರು ವರ್ಷದ್ದು. ಇಡೀ ಮನ್ಯಾಗ ಒಂದ ಒಂದು ಮೊಳಿ ಇಲ್ಲ!”

“ಪಾಪ, ಮೊಳಿ ಕೊಳ್ಳಾಕೂ ಗತಿ ಇರಲಿಲ್ಲೇನ್ರಿ ಅವಗ?”

“ಗತಿ ಅಲ್ಲ, ವಿದ್ಯಾ! ನಮ್ಮಂಗ ಗ್ವಾಡಿ ಮನೀನ ಹೊರೂದಿಲ್ಲ. ಮೊದಲ ಕಟಗೀ ಹಂದರ ನಿಲ್ಲಸ್ತಾರ. ಎಲ್ಲಾ ಭಾರ ಅದರ ಮ್ಯಾಲೆ. ಗ್ವಾಡಿ ಸುಮ್ಮ ನಡುವ ತುಂಬೂದು. ಕೀಲಿಗೆ ಕೀಲು ಕೂಡಿಸಿ ಕಟಗೀ ಗೂಟ ಬಡದ್ರ ಮುಗೀತು. ಕಂಬ ಎಷ್ಟು ಒತ್ತೊತ್ತಾಗಿ ಇರ್ತಾವೋ ಮನಿಯವ ಅಷ್ಟು ಸಾಹುಕಾರ ಅಂತ ಲೆಕ್ಕ.”

“ಆತು. ನಮಗೇನ್ ಬಂತು ಅದರಿಂದ?”

“ಈ ಸಲ ನಮ್ಮ ಗಣಪ್ಪ ಇಂಥಾ ಮನ್ಯಾಗ ಕೂಡತಾನ.”

ಕಲಾವತಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಥರ್ಮಾಕೋಲ್ ತರ್ರಿ. ಮ್ಯಾಲಿನ ಗಾವಂಡೆ ಬಾಯಾರು ವರ್ಷಾ ಅದರಾಗ ಮಂಟಪ ಕತ್ತರಸ್ತಾರ. ಒಂದ ದಿನದ ಕೆಲಸ, ಚೆಂದಾನೂ ಕಾಣತೈತಿ.”

“ಥರ್ಮಾಕೋಲ್!” ಎಂದ ಉಮಾಕಾಂತ. ದೇವರನ್ನು ಹಳೇ ಪೇಪರಿನ ಮೇಲೆ ಕೂರಿಸು ಎಂದವರನ್ನು ನೋಡುವ ಹಾಗೆ ಅವಳನ್ನು ನೋಡಿದ.

ಅಂತಿಮ ತೀರ್ಪಿಗೆ ವಿಷಯ ಕಾಶಿಬಾಯಿಯ ಮುಂದೆ ಹೋಯಿತು. ಅವಳು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಕಂಬದ ನಡುವ ಏನ ತುಂಬತೀಯೋ ಉಮ್ಯಾ?”

“ಬೆತ್ತದಂಥಾ ಕಡ್ಡಿ ಹೆಣದು, ಮ್ಯಾಲೆ ಮಣ್ಣು, ಸಗಣಿ, ಹುಲ್ಲು ಕಲಸಿ ಬಡೀತೀನಿ. ಅವರೂ ಹಂಗ ಮಾಡ್ತಿದ್ರು.”

“ಇದನ್ನ ಕಲ್ಯಾಕ ಇಂಗ್ಲಂಡಿನ ತನಕ ಹೋಗಬೇಕಿತ್ತೇನೋ? ನಮ್ಮ ಹಿತ್ತಲದಾಗಿನ ದನದ ಕೊಟ್ಟಿಗಿ ನೋಡಿದ್ರ ಸಾಕಾಗಿತ್ತಲ್ಲ.” ಆದರೂ ಸಗಣಿ ಎಂಬ ಶಬ್ದ ಅವಳಿಗೆ ಹಿಡಿಸಿತ್ತು. ಸಗಣಿ ಸಾರಿಸಿದ ಜಾಗ ದೇವರಿಗೆ ಶ್ರೇಷ್ಠ. “ಮಾಡಲಿ ಬಿಡವಾ. ಥರ್ಮಾಕೋಲಿಗಿಂತ ಅದು ಮಡಿ.”

ಕೆಲಸ ಶುರುವಾಯಿತು. ಲಕಡಗಂಜಿನಿಂದ ಸಾಗವಾನಿಯ ಪಟ್ಟಿಗಳು ಬಂದವು. ಇತವಾರಿಯಿಂದ ಉಳಿ, ಕೈಕೊರಕ, ಗರಗಸ ಬಂದವು. ಇಂಗ್ಲೆಂಡಿನ ಬಡಗಿಗಳು ಒಂದೊಂದು ಪಕ್ಕದ ಹಂದರವನ್ನೂ ಮೊದಲು ನೆಲದ ಮೇಲೆ ಮಲಗಿಸಿ ಹೊಂದಿಸಿ, ಗುರುತು ಕೊರೆದು, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರಂತೆ. ಅವರಿಗೆ ಅಂಗಳಗಳಿದ್ದವು. ಉಮಾಕಾಂತನಿಗೆ ಇದ್ದದ್ದು ಅಡುಗೆಮನೆಯಿಂದ ನಡುಮನೆಯವರೆಗಿನ ಜಾಗ. ಕಲಾವತಿ ರೊಟ್ಟಿಯ ಹಂಚು ಹಿಡಿದು ಅವನ್ನು ದಾಟಿ ದಾಟಿ ಓಡಾಡಿದಳು.

“ಕಾಲು! ಕಾಲು! ಅದು ಮೂಲಿಗಂಬ!”

“ನಂದೂ ಕಾಲ್ರೀ. ಒಂದ ಜೋಡಿ ಐತಿ, ಮುರದ್ರ ಮತ್ತ ಲಕಡಗಂಜಿನ್ಯಾಗ ಸಿಗಂಗಿಲ್ಲ.”

ಗೋಡೆಯ ಮಣ್ಣಿಗೆ ಕುದುರೆಯ ಕೂದಲು ಕಲಸಿದರೆ ಬಿರುಕು ಬಿಡುವುದಿಲ್ಲ ಎಂದು ಪುಸ್ತಕದಲ್ಲಿತ್ತು. ಉಮಾಕಾಂತ ಟಾಂಗಾ ಸ್ಟ್ಯಾಂಡಿಗೆ ಹೋಗಿ ಒಂದು ಕುದುರೆಯ ಬಾಲವನ್ನು ಪ್ರೀತಿಯಿಂದ ನೇವರಿಸಿದ. ಟಾಂಗಾವಾಲಾ ಚಾವಟಿಯೊಂದಿಗೆ ಬಂದದ್ದು ನೋಡಿ, ಹುಲ್ಲೇ ಸಾಕು ಎಂದುಕೊಂಡು ಹಿಂತಿರುಗಿದ.

ಆದರೆ ಒಂದು ಮಾತು ಹೇಳಲೇಬೇಕು. ಮನೆ ಎದ್ದು ನಿಂತಾಗ ಅದು ನಿಜಕ್ಕೂ ಚೆಂದವಾಗಿತ್ತು. ಎದೆಮಟ್ಟದ ಎತ್ತರ. ದಪ್ಪನೆಯ ಹಲಗೆಯ ಮೇಲೆ ಎಣ್ಣೆಗಪ್ಪು ಬಳಿದ ಕಂಬಗಳು ಸಾಹುಕಾರನ ಲೆಕ್ಕಕ್ಕೆ ಒತ್ತೊತ್ತಾಗಿ ನಿಂತಿದ್ದವು. ಸುಣ್ಣ ಹಚ್ಚಿದ ಮಣ್ಣಿನ ಗೋಡೆ, ಕಿತ್ತಳೆ ಬಣ್ಣದ ಜಿಲೇಟಿನ್ ಕಾಗದ ಅಂಟಿಸಿದ ಹೆಣಿಗೆಯ ಕಿಟಕಿಗಳು, ನಾಲ್ಕೂ ಕಡೆಗೆ ಗೇಣು ಚಾಚಿಕೊಂಡ ಮಹಡಿ. ಎಂಟು ವರ್ಷ ಬೋಲ್ಟು ಬರೆದ ಕೈ ಇದನ್ನು ಮಾಡಿತೆಂದರೆ ಅವನಿಗೇ ನಂಬಿಕೆಯಾಗಲಿಲ್ಲ. ಬೇಕಿಲ್ಲದಿದ್ದರೂ ಅಡುಗೆಮನೆಯಿಂದ ನಡುಮನೆಗೆ ಬಂದು ಬಂದು ನೋಡಿ ಹೋಗುತ್ತಿದ್ದ. ಕಲಾವತಿಯೂ ಅವನು ಕಾರ್ಖಾನೆಗೆ ಹೋದಾಗ ಕಳ್ಳತನದಲ್ಲಿ ನೋಡುತ್ತಿದ್ದಳು. ಅವನಿಗೆ ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ಐಡಿಯಾ ಬರುತ್ತಿತ್ತು.

ಚೌತಿಯ ಬೆಳಿಗ್ಗೆ ಕಾಶಿಬಾಯಿ ಮೂರ್ತಿ ಮಾಡುವವರ ಚಿತಾರ್ ಓಳಿಗೆ ಹೋಗಿ ತಾನೇ ಗಣಪತಿಯನ್ನು ಆರಿಸಿ ತಂದಳು. ಮಗ ಒಂದಡಿ ಎತ್ತರದ್ದು ಸಾಕೆಂದು ಹೇಳಿ ಕಳಿಸಿದ್ದ. ತಾಯಿಯ ತೊಡೆಯ ಮೇಲೆ ರಿಕ್ಷಾದಲ್ಲಿ ಬಂದವನು ಮೊಳದೆತ್ತರದ, ಅಗಲ ಹೊಟ್ಟೆಯ, ಜೇಡಿಮಣ್ಣಿನ ಗಣಪತಿ.

“ಅವ್ವಾ, ನಾ ಅಳತಿ ಕೊಟ್ಟಿದ್ನೆಲ್ಲ?”

“ಗಣಪ್ಪನ ಹೊಟ್ಟಿ ನಿನ್ನ ಅಳತಿಗೆ ಬರಬೇಕೇನ? ಮನತನದಾಗ ಮೊದಲಿಂದ ಇಷ್ಟ ಎತ್ತರದವನ್ನ ತರೋದು.”

ಇಂಗ್ಲಿಷ್ ರೈತನ ಮನೆಯ ಬಾಗಿಲು ಗಿಡ್ಡ. ಗಣಪತಿ ಒಳಗೆ ಹೋಗಲಿಲ್ಲ. ಕಲಾವತಿಯ ಮುಖ ಬಿಳುಪೇರಿತು. ಉಮಾಕಾಂತ ಮಾತ್ರ ನಕ್ಕ. ಮುಂದಿನ ಪಕ್ಕದ ಹಂದರಕ್ಕೆ ಅವನು ಇನ್ನೂ ಗೂಟ ಬಡಿದಿರಲಿಲ್ಲ. ಅದನ್ನು ಇಡಿಯಾಗಿ ಎತ್ತಿ ಬದಿಗಿಟ್ಟು, ಗಣಪತಿಯನ್ನು ಒಳಗೆ ಕೂರಿಸಿ, ಮತ್ತೆ ನಿಲ್ಲಿಸಿದ. ಕೀಲಿನ ತೂತುಗಳನ್ನು ಅವನು ಪುಸ್ತಕದ ಪ್ರಕಾರ ಬೇಕೆಂದೇ ಒಂದಕ್ಕೊಂದು ಕೂದಲೆಳೆಯಷ್ಟು ಹೊಂದದ ಹಾಗೆ ಕೊರೆದಿದ್ದ. ಗೂಟ ಬಡಿದ ಹಾಗೆಲ್ಲ ಅದು ಎರಡು ಮರಗಳನ್ನೂ ಒಂದರ ಮೈಗೆ ಒಂದು ಎಳೆದು ಬಿಗಿಯುತ್ತದೆ. ಟಕ್, ಟಕ್, ಟಕ್. ಮನೆ ಕಲ್ಲಿನ ಹಾಗೆ ನಿಂತಿತು.

“ಬಿಚ್ಚೋದು ಹೆಂಗ್ರಿ ಮತ್ತ?” ಎಂದಳು ಕಲಾವತಿ.

“ಬಡದಾಂವಗ ಬಿಚ್ಚಾಕ ಬರಂಗಿಲ್ಲೇನ?”

ಮೊದಲ ನಾಲ್ಕು ದಿನ ಉಮಾಕಾಂತನ ಜೀವನದ ಸುವರ್ಣಯುಗ. ಕಾಶಿಬಾಯಿ ಗಣಪತಿಯ ಹಿಂದೆ ಧೂಪ ಇಟ್ಟರೆ ಹೊಗೆ ಚಿಮಣಿಯಿಂದ ಸುರುಳಿಯಾಗಿ ಹೊರಬರುತ್ತಿತ್ತು. ಅದನ್ನು ನೋಡಲು ಬಜಾಜ್ ನಗರದ ಜನ ಮಳೆಯಲ್ಲಿ ಕೊಡೆ ಹಿಡಿದು ಸಾಲಾಗಿ ನಿಂತರು. ಇದು ಪೋಸ್ಟಾಫೀಸೋ ರೈಲ್ವೆ ಕ್ಯಾಬಿನ್ನೋ ಎಂದು ಒಬ್ಬರು ಕೇಳಿದ್ದನ್ನು ಬಿಟ್ಟರೆ ಎಲ್ಲರೂ ಮೆಚ್ಚಿದರು. ಉಮಾಕಾಂತ ಮುರುಕು ಮರಾಠಿಯಲ್ಲಿ ಬಂದವರಿಗೆಲ್ಲ ಕಂಬ, ತೊಲೆ, ಗೂಟಗಳ ಮಹಾತ್ಮೆಯನ್ನು ಉಪದೇಶಿಸಿದ. ಕಲಾವತಿಯ ಕಡಬು ಬಾಯಿ ಬಿಡಲಿಲ್ಲ. ಕಾಶಿಬಾಯಿ ಬಂದ ಹೆಂಗಸರಿಗೆ ಕುಂಕುಮ ಕೊಡುತ್ತ, “ನಮ್ಮ ಸಣ್ಣ ಸೊಸಿ” ಎಂದು ಎರಡು ಸಲ ಹೇಳಿದ್ದು ಕಲಾವತಿಯ ಕಿವಿಗೆ ಬಿತ್ತು. ಹೊರಗೆ ಮಾತ್ರ ಮಳೆ ನಾಲ್ಕು ದಿನವೂ ಬಿಡಲಿಲ್ಲ. ಮನೆಯಲ್ಲಿ ಕಪಾಟಿನ ಬಾಗಿಲೂ ಹಾಕಲು ಬಾರದಷ್ಟು ಉಬ್ಬಿತ್ತು. ಆ ಕಡೆ ಯಾರ ಲಕ್ಷ್ಯವೂ ಹೋಗಲಿಲ್ಲ.

ಐದನೆಯ ದಿನ ಮಧ್ಯಾಹ್ನ ಮಳೆ ನಿಂತಿತು. ಮೊಸರನ್ನದ ನೈವೇದ್ಯವಾಯಿತು, ಉತ್ತರಪೂಜೆಯಾಯಿತು, ಕಾಶಿಬಾಯಿ ಗಿಡ್ಡ ಬಾಗಿಲಿನಿಂದ ಕೈ ಹಾಕಿ ಗಣಪತಿಯನ್ನು ಒಂದಿಷ್ಟು ಅಲುಗಿಸಿದಳು. ಇನ್ನು ಅವನು ಹೊರಡಲೇಬೇಕು. ಉಮಾಕಾಂತ ಸುತ್ತಿಗೆ ಹಿಡಿದು ಬಂದು ಮೊದಲನೆಯ ಗೂಟಕ್ಕೆ ಹಿಂದಿನಿಂದ ಬಡಿದ.

ಗೂಟ ಮಿಸುಕಲಿಲ್ಲ.

ಎರಡನೆಯದು, ಮೂರನೆಯದು. ಯಾವುದೂ ಮಿಸುಕಲಿಲ್ಲ. ಮೊದಲೇ ಬಿಗಿದು ಕೂತ ಗೂಟಗಳು ನಾಲ್ಕು ದಿನದ ಥಂಡಿ ಕುಡಿದು ಉಬ್ಬಿ ಮರದಲ್ಲಿ ಮರವಾಗಿದ್ದವು. ಬಡಿಯುವುದು ಹೇಗೆ ಎಂದು ಪುಸ್ತಕದಲ್ಲಿ ಚಿತ್ರಸಮೇತ ಇತ್ತು. ಬಿಚ್ಚುವುದು ಹೇಗೆ ಎಂದು ಇರಲಿಲ್ಲ. ಇಂಗ್ಲೆಂಡಿನ ಯಾವ ರೈತನಿಗೂ ಐದನೆಯ ದಿನ ದೇವರನ್ನು ಮನೆಯಿಂದ ಹೊರಗೆ ಕರೆತರುವ ಪ್ರಸಂಗ ಬಂದಿರಲಿಲ್ಲ. ಉಮಾಕಾಂತ ಜೋರಾಗಿ ಒಂದೇಟು ಹಾಕಿದ. ಮನೆಯೆಲ್ಲ ನಡುಗಿತು, ಒಳಗೆ ಗಣಪತಿಯ ಕಿರೀಟದಿಂದ ಬಣ್ಣದ ಚೂರೊಂದು ಉದುರಿತು.

“ನಿಲ್ಲಿಸೋ!” ಕಾಶಿಬಾಯಿ ಕಿರುಚಿದಳು. “ಗಣಪ್ಪನ ಸೊಂಡಿ ಮುರದ್ರ ಮನತನಕ್ಕ ಕೇಡು. ಸುತ್ತಗಿ ಮುಟ್ಟಬ್ಯಾಡ!”

“ಹಂಗಾದ್ರ ಗರಗಸಲೆ ಕೊಯ್ತೀನಿ.”

“ದೇವರ ತಲಿ ಮ್ಯಾಲೆ ಗರಗಸ ಆಡಸ್ತೀಯಾ? ಹೆತ್ತಾಕಿ ನಾ ಇಲ್ಲೇ ನಿಂತೀನಿ, ಆಡಸ ನೋಡೂಣು!”

ಗೋಡೆಯ ಮಣ್ಣು ಒಡೆದು ತೆಗೆದರೆ? ಅದನ್ನೂ ಯೋಚಿಸಿದ್ದಾಯಿತು. ಆದರೆ ಸಾಹುಕಾರನ ಕಂಬಗಳ ಸಂದಿನಿಂದ ಗಣಪತಿಯ ಇಲಿ ಹೊರಬಂದೀತೇ ಹೊರತು ಗಣಪತಿ ಬರುವಂತಿರಲಿಲ್ಲ. ಹೊರಗೆ ಬೀದಿಯಲ್ಲಿ ಬೇರೆ ಮನೆಗಳ ಗಣಪತಿಗಳು ತಾಳ ಬಾರಿಸುತ್ತ ಹೊರಟಿದ್ದವು. ಕಲಾವತಿ ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಿಂದ ನೀರು ಇಳಿಯತೊಡಗಿತು.

“ನಾನೂರು ವರ್ಷ ನಿಲ್ಲೋ ಮನಿ ಕಟ್ಟೀರಿ. ನನಗ ಐದ ದಿನದ್ದು ಬೇಕಾಗಿತ್ತು.”

ಉಮಾಕಾಂತ ಸುತ್ತಿಗೆಯನ್ನು ನೆಲಕ್ಕಿಟ್ಟ. ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಅವನಿಗೆ ಆ ಹೊತ್ತು ನಿಜಕ್ಕೂ ನಾಚಿಕೆಯಾಗಿತ್ತು.

ಗಲಾಟೆ ಕೇಳಿ ಬೋಪಣ್ಣ ಬಂದ. ಸೊಂಟದ ಮೇಲೆ ಕೈಯಿಟ್ಟು ಮನೆಯನ್ನು ಒಂದು ಸುತ್ತು ಹಾಕಿದ. ವಾಯುಸೇನೆಯವರು ಯೋಚಿಸುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

“ಏನ್ ಮಾರಾಯ್ರೆ, ಇದಕ್ಕೆಲ್ಲ ಅಳೋದುಂಟಾ? ಪೈಲಟ್ ಇಳಿಯೋಕೆ ಆಗದಿದ್ರೆ ವಿಮಾನವನ್ನೇ ತಗೊಂಡು ಹೋಗೋದು. ಮನೆ ಸಮೇತ ಎತ್ತಿ!”

ಎತ್ತಿದರು. ಬಾಗಿಲವರೆಗೆ ಹೋದರು. ಅಲ್ಲಿ ನಾಲ್ಕೂ ಕಡೆ ಚಾಚಿಕೊಂಡ ಮಹಡಿ ಗಾವಂಡೆಯವರ ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು. ಓರೆ ಮಾಡೋಣವೆಂದರೆ ಒಳಗೆ ದೇವರು. ಗದ್ದಲಕ್ಕೆ ಮಹಡಿಯಿಂದ ಇಳಿದು ಬಂದ ಗಾವಂಡೆಯವರು, ಕ್ಯಾಲೆಂಡರಿನ ಮೊಳೆಗೂ ಅಪ್ಪಣೆ ಕೇಳಿಸಿಕೊಳ್ಳುವ ಅದೇ ಗಾವಂಡೆಯವರು, ಒಳಗಿನ ಗಣಪತಿಯನ್ನು ನೋಡಿ ಕೈ ಮುಗಿದು, “ಬಾಪ್ಪಾಸಾಠೀ ಕಾಹೀಪಣ್! ಗಣಪತಿಗಾಗಿ ಏನು ಬೇಕಾದರೂ! ಚೌಕಟ್ಟೇ ತೆಗೆಯಿರಿ” ಎಂದರು. ಬೋಪಣ್ಣ ಹಾರೆ ತಂದ. ಬಾಗಿಲಿಗೆ ಬಾಗಿಲೇ ಕಿತ್ತು ಬಂತು, ಜೊತೆಗೆ ಒಂದಿಷ್ಟು ಇಟ್ಟಿಗೆಯೂ. (ನಾಳೆ ಬೆಳಗಾಗುವುದರೊಳಗೆ ಎಲ್ಲ ಮೊದಲಿನಂತಾಗಿರಬೇಕು ಎಂದು ಗಾವಂಡೆಯವರು ಹೇಳಿದ್ದು ಹಾರೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.)

ತರಕಾರಿ ಮಾರುವವನ ಕೈಗಾಡಿಯ ಮೇಲೆ ಇಂಗ್ಲಿಷ್ ಮನೆ ಏರಿತು. “ಒನ್, ಟು, ಥ್ರೀ” ಎಂದು ಬೋಪಣ್ಣ, “ಮೋರಯಾ” ಎಂದು ಗಾವಂಡೆಯವರು ತಳ್ಳಿದರು. ಕಿಟಕಿಯ ಕಿತ್ತಳೆ ಕಾಗದ ಹರಿದುಹೋಗಿ ಗಣಪತಿಯ ಮುಖ ಅಲ್ಲಿಂದ ಕಾಣುತ್ತಿತ್ತು, ರೈಲಿನಲ್ಲಿ ಊರಿಗೆ ಹೊರಟ ನೆಂಟನಂತೆ. ದಾರಿಯಲ್ಲಿ ಜನ ಸೇರಿದರು. ಯಾರೋ “ಲಂಡನಚಾ ಗಣಪತಿ” ಎಂದು ಕೂಗಿದ್ದೇ ತಡ, ಬೇರೆ ಮೆರವಣಿಗೆಯ ಢೋಲಿನವರೂ ಇತ್ತಲೇ ತಿರುಗಿದರು. ಕೆರೆ ಮುಟ್ಟುವ ಹೊತ್ತಿಗೆ ಗಾಡಿಯ ಹಿಂದೆ ಅರ್ಧ ಬಜಾಜ್ ನಗರವಿತ್ತು. ಕಾಶಿಬಾಯಿಯ ಹುಬ್ಬು ಸಡಿಲವಾಯಿತು. ಗದಗಿನಲ್ಲಿ ಗಣಪತಿಗೆ ಇಷ್ಟು ಜನ ಎಂದೂ ಸೇರಿರಲಿಲ್ಲ. ಕಲಾವತಿ ಕಣ್ಣೊರೆಸಿಕೊಂಡಳು. ಉಮಾಕಾಂತನ ಬೆನ್ನು ಇಷ್ಟಿಷ್ಟೇ ನೆಟ್ಟಗಾಗತೊಡಗಿತು.

ಫುಟಾಳಾ ಕೆರೆಯ ಮೆಟ್ಟಿಲ ಬಳಿ ಕೊನೆಯ ಆರತಿಯಾಯಿತು. ಸೂರ್ಯ ಮುಳುಗಲು ಸ್ವಲ್ಪವೇ ಹೊತ್ತಿತ್ತು. ನಾಲ್ಕು ಜನ ಮನೆಯನ್ನು ಹೊತ್ತು ಮೊಣಕಾಲುದ್ದ ನೀರಿಗಿಳಿದು, ಮೆಲ್ಲಗೆ ಬಿಟ್ಟರು. ಎಲ್ಲರೂ ಕೈ ಮುಗಿದು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಮನೆ ಅಲ್ಲೇ ಇತ್ತು.

ಸಾಗವಾನಿ ಮುಳುಗುತ್ತದೆಯೇ? ತೊಟ್ಟಿಲು ತೂಗಿದ ಹಾಗೆ ಅದು ನೀರಿನ ಮೇಲೆ ತೂಗುತ್ತಿತ್ತು. ಬೋಪಣ್ಣ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ನಾಲ್ವರೂ ಸೇರಿ ಒತ್ತಿ ಹಿಡಿದರೆ, ಕೈಬಿಟ್ಟ ಕೂಡಲೇ ಮೇಲೆ ಬಂದು ಎಲ್ಲರ ಮುಖಕ್ಕೂ ನೀರು ಎರಚುತ್ತಿತ್ತು. ಆಮೇಲೆ ಗಾಳಿ ಬೀಸಿತು. ಇಂಗ್ಲಿಷ್ ರೈತನ ಮನೆ ಗಣಪತಿಯನ್ನು ಹೊತ್ತು ದಡದ ಉದ್ದಕ್ಕೂ ನಿಧಾನವಾಗಿ ಸವಾರಿ ಹೊರಟಿತು. ಢೋಲು ಒಂದೊಂದಾಗಿ ನಿಂತವು.

ಕಾಶಿಬಾಯಿ ಮೆಟ್ಟಿಲ ಮೇಲೆ ಕುಸಿದು ಕೂತಳು. “ಒಲ್ಲೆ ಅನ್ನಾಕತ್ಯಾನವ್ವಾ. ಗಣಪ್ಪ ಹೋಗಾಕ ಒಲ್ಲೆ ಅನ್ನಾಕತ್ಯಾನ. ಹೊತ್ತು ಮುಣಗತೈತಿ.” ಗದರುವ ಕಾಶಿಬಾಯಿಯನ್ನು ಎಲ್ಲರೂ ನೋಡಿದ್ದರು, ಹೆದರಿದ ಕಾಶಿಬಾಯಿಯನ್ನು ಯಾರೂ ನೋಡಿರಲಿಲ್ಲ. ಉಮಾಕಾಂತನಿಗೆ ಈಜು ಬಾರದು. ಅವನು ದಡದಲ್ಲಿ ಮನೆಯ ಜೊತೆಜೊತೆಗೇ ನಡೆಯುತ್ತ, “ಹಲಗಿ ಇಷ್ಟ ದಪ್ಪ ಹಾಕಬಾರದಿತ್ತು, ಹಲಗಿ ಇಷ್ಟ ದಪ್ಪ ಹಾಕಬಾರದಿತ್ತು” ಎಂದು ಜಪಿಸುತ್ತಿದ್ದ.

ಆಗ ಕಲಾವತಿ ಆರತಿಯ ತಟ್ಟೆಯನ್ನು ಗಂಡನ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದು, ಸೊಂಟದುದ್ದದವರೆಗೆ ಹೋಗಿ ಮನೆಯ ಚಿಮಣಿಯನ್ನು ಹಿಡಿದು ನಿಲ್ಲಿಸಿದಳು. ಅಲ್ಲಿಂದಲೇ ಕೂಗಿದಳು.

“ಅತ್ತೀ, ಗ್ವಾಡಿ ಒಡೀಲೇನ್ರಿ?”

“ದೇವರ ಮನೀ ಗ್ವಾಡಿ, ಹೆಂಗ ಒಡೀತಿಯವಾ?”

“ಗ್ವಾಡಿ ದೇವರದಲ್ರಿ, ನನ್ನ ಗಂಡಂದು!”

ಕಾಶಿಬಾಯಿ ಒಂದು ಗಳಿಗೆ ಯೋಚಿಸಿದಳು. “ಹಂಗಾದ್ರ ಒಡಿ.”

ಕಲಾವತಿ ಎರಡೂ ಕೈಯಿಂದ ಗುದ್ದಿದಳು. ಹದಿನೈದು ದಿನ ಅಡುಗೆಮನೆಯಲ್ಲಿ ಮರದ ತೊಲೆ ದಾಟಿದ ಸಿಟ್ಟೆಲ್ಲ ಆ ಗುದ್ದಿನಲ್ಲಿತ್ತು. ನೆನೆದ ಮಣ್ಣು, ಸಗಣಿ, ಹುಲ್ಲು ಕಳಚಿ ಬಿತ್ತು. ಕಂಬದ ಸಂದಿನಲ್ಲಿ ಕಡ್ಡಿಯ ಹೆಣಿಗೆಯನ್ನು ಕಿತ್ತಳು. ಒಂದು ಗೋಡೆ, ಇನ್ನೊಂದು ಗೋಡೆ. ಗಣಪತಿ ಹೊರಬರುವಷ್ಟು ಸಂದು ಇರಲಿಲ್ಲ ನಿಜ, ಆದರೆ ನೀರು ಒಳಗೆ ಹೋಗಲು ಅಷ್ಟು ಸಂದು ಧಾರಾಳವಾಯಿತು. ಅವಳು ಬೊಗಸೆಬೊಗಸೆಯಾಗಿ ನೀರನ್ನು ಒಳಗೆ ತುಂಬಿದಳು. ಬೋಪಣ್ಣನೂ ಗಾವಂಡೆಯವರೂ ಓಡಿಬಂದು ಮನೆಯನ್ನು ಒತ್ತಿ ಹಿಡಿದರು. ಜೇಡಿಮಣ್ಣಿನ ಗಣಪತಿ ಮೊದಲು ಪಾದ, ಆಮೇಲೆ ಆ ಅಗಲ ಹೊಟ್ಟೆ, ಹೀಗೆ ಕೂತಲ್ಲೇ ಸದ್ದಿಲ್ಲದೆ ಕರಗತೊಡಗಿದ. ಕೊನೆಗೆ ಕಿಟಕಿಯಲ್ಲಿ ಕಾಣುತ್ತಿದ್ದ ಮುಖವೂ ನೀರಿನೊಳಗೆ ಇಳಿದು ಹೋಯಿತು. ಮೈ ಎಲ್ಲೂ ಮುರಿಯಲಿಲ್ಲ. ದಡದ ದೀಪಗಳು ಆಮೇಲೆ ಹೊತ್ತಿಕೊಂಡವು.

“ಹೋದ!” ಎಂದಳು ಕಾಶಿಬಾಯಿ. “ನೆಟ್ಟಗ ಹೋದ ನಮ್ಮಪ್ಪ!” ಢೋಲುಗಳು ಒಮ್ಮೆಲೇ ಬಡಿದುಕೊಂಡವು.

ಮಣ್ಣಿನ ಭಾರ ಕಳೆದುಕೊಂಡ ಮರದ ಹಂದರ ಚಿಮ್ಮಿ ಮೇಲೆದ್ದು, ಬರೀ ಎಲುಬಾಗಿ, ಕೆರೆಯ ನಡುವಿಗೆ ತೇಲಿಹೋಯಿತು. ಉಮಾಕಾಂತ ಕಣ್ಣೆವೆ ಮುಚ್ಚದೆ ಅದನ್ನೇ ನೋಡುತ್ತ ನಿಂತ. ಅವನು ಬರೆದು ಅವನೇ ಕಟ್ಟಿದ ಮೊದಲನೆಯ ಮನೆ ಅದು. ತೊಯ್ದು ತೊಪ್ಪೆಯಾಗಿ, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಮೇಲೆ ಬಂದ ಹೆಂಡತಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದ.

“ನೋಡಿದ್ಯಾ ಕಲಾ? ಇಷ್ಟಾದ್ರೂ ಒಂದ ಕೀಲೂ ಬಿಟ್ಟಿಲ್ಲ!”

ಕಲಾವತಿ ಅವನ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕಿತ್ತುಕೊಂಡಳು.

ರಾತ್ರಿ, ಬಾಗಿಲಿಲ್ಲದ ಆ ಮನೆಯಲ್ಲಿ, ಬಾಗಿಲಿದ್ದ ಜಾಗಕ್ಕೆ ಚಾದರ ಕಟ್ಟಿ ಎಲ್ಲರೂ ಪ್ರಸಾದಕ್ಕೆ ಕೂತರು. ಕಾಶಿಬಾಯಿ ಸೊಸೆಯನ್ನು ಹತ್ತಿರ ಕರೆದು ಅವಳ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಎರಡು ವರ್ಷದಲ್ಲಿ ಹಾಗೆ ಮಾಡಿದ್ದು ಇದೇ ಮೊದಲು.

“ಪ್ಯಾಟಿ ಹುಡುಗಿ ಅಂದಿದ್ನೆವಾ ನಿನಗ. ನಾ ಕೈಕಾಲು ಬಿಟ್ಟು ಕುಂತೆ, ನೀ ಗಣಪ್ಪನ್ನ ದಾಟಿಸಿದಿ. ಇನ್ನ ಮ್ಯಾಲೆ ಗಣಪ್ಪ ವರ್ಷಾ ಈ ಮನೀಗೇ ಬರ್ತಾನ. ಗದಗಿನಾಗ ನಾ ಹೇಳ್ತೀನಿ.”

ಕಲಾವತಿ ಅತ್ತೆಯ ಕಾಲಿಗೆರಗಿದಳು. ಬೋಪಣ್ಣ ಚಪ್ಪಾಳೆ ತಟ್ಟಿದ. ಉಮಾಕಾಂತನಿಗೂ ಹಿಗ್ಗು ಉಕ್ಕಿ ಬಂತು. ಹಿಗ್ಗಿನ ಬೆನ್ನಿಗೇ, ಅವನ ಸ್ವಭಾವಕ್ಕೆ ತಕ್ಕಂತೆ, ಅದೂ ಬಂತು.

“ಅವ್ವಾ, ಬರೋ ವರ್ಷಕ್ಕ ನನಗೊಂದು ಐಡಿಯಾ...”

“ಕೇಳೋ ಉಮ್ಯಾ,” ಎಂದಳು ಕಾಶಿಬಾಯಿ, ಕಡಬು ಮುರಿಯುತ್ತ. “ಗಣಪ್ಪ ಇಲ್ಲಿಗೆ ಬರೋ ಐದೂ ದಿನ ನೀ ಅಲ್ಲಿಗೆ, ಗದಗಿಗೆ ಹೋಗಿಬಿಡು. ಅವಾ ಇಲ್ಲೆ, ನೀ ಅಲ್ಲೆ. ಇದರ ಮ್ಯಾಲೆ ಮಾತಿಲ್ಲ.”

ಉಮಾಕಾಂತ ಕೈಯಲ್ಲಿದ್ದ ಕಡಬನ್ನು ತಟ್ಟೆಯಲ್ಲಿಟ್ಟ. ಬೋಪಣ್ಣನನ್ನು ನೋಡಿದ. ಬೋಪಣ್ಣ ಚಾದರವನ್ನು ನೋಡುತ್ತಿದ್ದ. ಕೊನೆಯ ಆಸೆಯಿಂದ ಅವನು ಹೆಂಡತಿಯ ಕಡೆ ತಿರುಗಿದ.

“ಕಲಾ, ನೀನರ ಒಂದ ಮಾತು ಹೇಳ.”

ಕಲಾವತಿ ಅವನ ತಟ್ಟೆಗೆ ಇನ್ನೊಂದು ಕಡಬು ಹಾಕಿ, ಅದರ ಮೇಲೆ ಪ್ರೀತಿಯಿಂದ ತುಪ್ಪ ಸುರಿದಳು.

“ಅತ್ತಿ ಮಾತು ಹೆಂಗ ಮೀರೋದ್ರಿ? ಟಿಕೀಟು ಮಾತ್ರ ಜಲ್ದಿ ತಗಸ್ರಿ, ಹಬ್ಬದಾಗ ಗಾಡಿ ತುಂಬಿರ್ತಾವ.”